ಸ್ಪೇನ್ ದೊರೆಯ ಒಂದು ಮಾತು

೧. ಹಗ್ಗ

"ಕ್ವಿದಾದೋ!" ಅಂತ ದೊರೆ ಕೂಗಿದ.

ಗುಂಡಿಯೊಳಗಿದ್ದ ಹದಿನಾಲ್ಕು ಜನ ಕೆಲಸ ನಿಲ್ಲಿಸಿ, ತಲೆ ಎತ್ತಿ, ನನ್ನ ಮುಖ ನೋಡಿದರು. ನಾನು ದುಭಾಷಿ. ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ.

ಮಹಾರಾಜರ ಕಾಲ. ಯುದ್ಧ ಇನ್ನೂ ಶುರುವಾಗಿರಲಿಲ್ಲ. ಅಜ್ಜಂಪುರದ ಹೊರಗೆ ನೆಲದಡಿ ಚಿನ್ನ ಇದೆ ಅಂತ ಒಂದು ಕಂಪನಿ ಬಂದು ಗುಂಡಿ ತೋಡಿಸುತ್ತಿತ್ತು. ಬಂಡೆ ಸಿಡಿಸುವುದಕ್ಕೆ ಸ್ಪೇನ್ ದೇಶದ ಗಣಿಯಲ್ಲಿ ಪಳಗಿದ ಒಬ್ಬ ದೊರೆಯನ್ನು ಕರೆಸಿದ್ದರು. ಕೆಂಪು ಗಡ್ಡ, ಎಡಗೈಯಲ್ಲಿ ಎರಡು ಬೆರಳಿಲ್ಲ. ಆ ಬೆರಳು ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಭಾಷೆಯೂ ಇರಲಿಲ್ಲ. ಇಂಗ್ಲಿಷಿನಲ್ಲಿ ಅವನಿಗೆ ಬರುತ್ತಿದ್ದುದು ಎಸ್, ನೋ, ಗುಡ್. ಅಷ್ಟೆ.

ಮ್ಯಾನೇಜರ್ ಇಂಗ್ಲಿಷ್ ಸಾಹೇಬರು. ಬೀರೂರಿನ ಬಂಗಲೆಯಲ್ಲಿದ್ದರು. ನನ್ನನ್ನು ಕರೆದು, "ಆ ಮನುಷ್ಯನ ಭಾಷೆ ಸಂಭಾಳಿಸುತ್ತೀಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿದರು. "ಎಸ್ ಸಾರ್" ಅಂದೆ. ನಾನು ಲೋವರ್ ಸೆಕೆಂಡರಿ ಓದಿದ್ದೆ. ಬಿಳಿ ಜನರೆಲ್ಲ ಇಂಗ್ಲಿಷೇ ಆಡುತ್ತಾರೆ ಅಂತ ತಿಳಿದಿದ್ದೆ. ಅಲ್ಲ ಅಂತ ತಿಳಿಯುವ ಹೊತ್ತಿಗೆ ಗುಂಡಿಯ ಬಾಯಲ್ಲಿ ನಿಂತಿದ್ದೆ.

ಓಡಿಹೋಗಬಹುದಿತ್ತು. ಹೋಗಲಿಲ್ಲ. ನನಗೆ ಮದುವೆಯಾಗಿ ಎಂಟು ತಿಂಗಳಾಗಿತ್ತು. ಮಾವ ಕಡೂರು ತಾಲ್ಲೂಕಿನ ದೇವನೂರಿನ ಕಡೆಯವರು, ತೆಂಗಿನ ತೋಟದವರು. "ಕಂಪನಿ ಕೆಲಸ ಖಾಯಂ ಆಗಲಿ, ಆಮೇಲೆ ಮಗಳನ್ನು ಕಳಿಸುತ್ತೇನೆ" ಅಂದಿದ್ದರು. ಮ್ಯಾನೇಜರ್ ಹೇಳಿದ್ದು: "ದಸರೆಯವರೆಗೆ ನೋಡುತ್ತೇನೆ. ಯಾರೂ ಸಾಯದೆ ಕೆಲಸ ನಡೆದರೆ ಖಾಯಂ. ಇಲ್ಲದಿದ್ದರೆ ಮನೆಗೆ." ಹೀಗೆ ಹದಿನಾಲ್ಕು ಜನರ ಪ್ರಾಣ ಮತ್ತು ನನ್ನ ಸಂಸಾರ ಒಂದೇ ಮಾತಿನ ಮೇಲೆ ನಿಂತಿದ್ದವು.

"ದೊರೆ ಏನಂತಾರೆ ಸ್ವಾಮಿ?" ಅಂತ ಕೆಳಗಿನಿಂದ ಕಲ್ಲುಕೆಲಸದವರ ಯಜಮಾನ ಕೇಳಿದ.

ದೊರೆ ಮೇಲೆ ಕೈ ತೋರಿಸುತ್ತಿದ್ದ. ಮೇಲೆ ರಾಟೆ, ರಾಟೆಯಲ್ಲಿ ಹಗ್ಗ, ಹಗ್ಗದಲ್ಲಿ ಕಲ್ಲು ತುಂಬಿದ ಮಂಕರಿ.

"ಬೇಗ ಎಳೀಬೇಕಂತೆ" ಅಂದೆ.

ಎಳೆದರು. ಎಳೆ ಸವೆದಿದ್ದ ಹಗ್ಗ ಪಟ್ಟನೆ ಹರಿಯಿತು. ಮಂಕರಿ ಯಜಮಾನನ ಭುಜ ಸವರಿಕೊಂಡು ಹೋಗಿ ಅವನ ಬುತ್ತಿಯ ಮೇಲೆ ಬಿತ್ತು. ರಾಗಿಮುದ್ದೆ ಮೂರು ದಿಕ್ಕಿಗೆ ಹಾರಿತು. ನಾನು ಅಲ್ಲೇ ಕೂತೆ.

ಯಜಮಾನ ಏಣಿ ಹತ್ತಿ ಮೇಲೆ ಬಂದ. ಮುಖದ ಮೇಲೆ ಮುದ್ದೆ ಇತ್ತು. ಒರೆಸಿಕೊಳ್ಳಲಿಲ್ಲ.

"ಸ್ವಾಮಿ, ದೊರೆ ಅಂದಿದ್ದು ಎಳೀರಿ ಅಂತಲೋ, ಎಳೀಬೇಡಿ ಅಂತಲೋ?"

"ಆ ಭಾಷೇಲಿ ಎರಡಕ್ಕೂ ಒಂದೇ ಮಾತು ಕಣಪ್ಪಾ."

ಅವನು ಹರಿದ ಹಗ್ಗದ ತುದಿ ಕೈಯಲ್ಲಿ ಹಿಡಿದು ನೋಡಿದ.

"ಅಂಗಾದ್ರೆ ಆ ದೇಸದಾಗೆ ಜನ ಇನ್ನೂ ಉಳಿದವ್ರಾ?"

೨. ಪುಸ್ತಕ

ಅವತ್ತು ಸಂಜೆ ಅಜ್ಜಂಪುರದ ಪೇಟೆಯಲ್ಲಿ ಒಂದು ಸಣ್ಣ ಪುಸ್ತಕ ಕೊಂಡೆ. ದೊರೆ ಆ ಮಾತನ್ನು ಯಾವಾಗ ಯಾವಾಗ ಆಡುತ್ತಾನೋ ಬರೆದಿಡುವುದು. ಅರ್ಥ ತಾನೇ ಹೊರಗೆ ಬರುತ್ತದೆ ಅಂತ ಲೆಕ್ಕ.

ದೊರೆ ಬೇರೆ ಮಾತನ್ನೂ ಬೇಕಾದಷ್ಟು ಆಡುತ್ತಿದ್ದ. ಆದರೆ ಕೂಗಿ ಆಡುತ್ತಿದ್ದುದು ಇದೊಂದನ್ನೇ. ಕೂಗಿದ ಮೇಲೆ ಏನಾದರೊಂದು ಬೀಳುತ್ತಿತ್ತು, ಒಡೆಯುತ್ತಿತ್ತು, ಇಲ್ಲವೇ ಕಚ್ಚುತ್ತಿತ್ತು. ಆದ್ದರಿಂದ ಇದನ್ನು ಕಲಿತರೆ ಬದುಕಿಕೊಳ್ಳುತ್ತೇವೆ, ಉಳಿದದ್ದು ಬಿಟ್ಟರೂ ನಡೆಯುತ್ತದೆ ಅನ್ನಿಸಿತು.

ಎಂಟು ದಿನದಲ್ಲಿ ಪುಸ್ತಕದಲ್ಲಿ ಇಷ್ಟು ಬಂತು. ನನ್ನ ಚಪ್ಪಲಿಯಲ್ಲಿ ಚೇಳು ಕಂಡಾಗ ಅಂದ. ಬಿಸಿ ಕಾಫಿ ಲೋಟ ಕೈಗೆ ಕೊಟ್ಟಾಗ ಅಂದ. ಯಾರದೋ ಕರು ಗುಂಡಿಯ ಅಂಚಿಗೆ ಬಂದಾಗ ಕರುವಿಗೆ ಅಂದ. ತನ್ನ ಚಿಮಣಿ ದೀಪ ನಾನು ಎತ್ತಿಕೊಂಡಾಗ ಅಂದ. ಮದ್ದಿನ ಬತ್ತಿಗೆ ಬೆಂಕಿ ಕೊಟ್ಟು ಅಂದ. ಗಡ್ಡ ಕತ್ತರಿಸುವ ಹಜಾಮ ಅವನ ಕಿವಿಯ ಹತ್ತಿರ ಬಂದಾಗ ಮೂರು ಸಲ ಅಂದ.

ಚೇಳು, ಕಾಫಿ, ಕರು, ದೀಪ, ಮದ್ದು, ಹಜಾಮ. ರಾತ್ರಿಯೆಲ್ಲ ಕೂಡಿಸಿ ನೋಡಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಕೊನೆಗೆ ಅದು ಬೈಗುಳ ಅಂತ ತೀರ್ಮಾನ ಮಾಡಿದೆ. ಆದರೆ ಕರುವನ್ನು ಯಾಕೆ ಬೈಯಬೇಕು ಅಂತ ಹೊಳೆಯಲಿಲ್ಲ.

ಯಜಮಾನನ ಹೆಂಡತಿ ಅಲ್ಲೇ ಮಣ್ಣು ಹೊರುವ ಕೆಲಸ ಮಾಡುತ್ತಿದ್ದಳು. ದಪ್ಪ ದನಿಯ ಹೆಂಗಸು. ನಾನು ಪುಸ್ತಕ ಹಿಡಿದು ಕೂತಿರುವುದನ್ನು ನೋಡಿ, "ಏನು ಸ್ವಾಮಿ, ಲಗ್ನ ನೋಡ್ತಿದೀರಾ?" ಅಂದಳು.

ಹೇಳಿದೆ. ಓದಿಯೂ ತೋರಿಸಿದೆ. ಅವಳು ಮಂಕರಿಯನ್ನು ಇಳಿಸಲೂ ಇಲ್ಲ, ತಲೆಯ ಮೇಲೆ ಹೊತ್ತುಕೊಂಡೇ ಅಂದಳು:

"ಇದ್ರಾಗೆ ಏನೈತೆ? ನನ್ ಗಂಡ ಗಡಂಗಿಗೆ ಹೊರಟಾಗ ನಾನು ಹಿಂದಿಂದ ಕೂಗಲ್ವಾ, ಅದೇ ಮಾತು. ಜ್ವಾಕೆ ಅಂತ."

ಜೋಪಾನ. ಎಚ್ಚರಿಕೆ. ಜ್ವಾಕೆ. ಪುಸ್ತಕ ಮುಚ್ಚಿದೆ.

ಪೂರ್ತಿ ಮುಚ್ಚಲಿಕ್ಕೆ ಆಗಲಿಲ್ಲ. ನಾಲ್ಕು ದಿನದ ಮೇಲೆ ದೊರೆಯ ನಕ್ಷೆಯ ಮೇಲೆ ನಾನು ಕಾಫಿ ಚೆಲ್ಲಿದೆ. ಕೆಲಸ ಹೋಯಿತು ಅಂತ ಕೈ ಮುಗಿದು ನಿಂತೆ. ದೊರೆ ನಕ್ಷೆ ಒರೆಸಿ, "ನೋ ಆಯ್ ಕ್ವಿದಾದೋ" ಅಂದ. ಮಾತಿನ ಮೊದಲಿಗೆ "ನೋ" ಸೇರಿತ್ತು. ಜ್ವಾಕೆ ಇಲ್ಲದವನು ನೀನು, ನಡಿ ಅಂದ ಅಂತ ತಿಳಿದು ಡೇರೆಗೆ ಹೋಗಿ ಹಾಸಿಗೆ ಸುತ್ತಿದೆ. ಹೆಂಡತಿಗೆ ಏನಂತ ಬರೆಯುವುದು ಅಂತ ಯೋಚಿಸುತ್ತ ರಸ್ತೆಗೆ ಬಂದೆ. ಯಜಮಾನನ ಹೆಂಡತಿ ತಡೆದಳು.

"ನಗ್ತಾ ಅಂದ್ರೋ, ಸಿಟ್ಟಾಗಿ ಅಂದ್ರೋ?"

"ನಗ್ತಾನೇ ಅಂದ."

"ಅಂಗಾದ್ರೆ ಪರವಾಗಿಲ್ಲ, ಹೆದರ್ಕೋಬೇಡ ಅಂತ. ಹೋಗಿ, ಹಾಸಿಗೆ ಬಿಚ್ಚಿ."

ಕಂಪನಿ ದುಭಾಷಿಯ ಸಂಬಳವನ್ನು ನನಗೆ ಕೊಡುತ್ತಿತ್ತು. ಅರ್ಥ ಹೇಳುತ್ತಿದ್ದವಳು ಮಣ್ಣು ಹೊರುತ್ತಿದ್ದಳು.

೩. ಮಾವನ ಮನೆ

ಗೌರಿ ಹಬ್ಬಕ್ಕೆ ಮಾವ ಕರೆಸಿದರು. ಕಡೂರಿನಲ್ಲಿ ರೈಲು ಇಳಿದು ಗಾಡಿಯಲ್ಲಿ ಹೋದೆ. ಹೆಂಡತಿಯ ಮುಖ ನೋಡಬಹುದು ಅಂತ ಹೋದವನು ಜಗಲಿಯ ಮೇಲೆ ಹನ್ನೆರಡು ಗಂಡಸರನ್ನು ನೋಡಿದೆ. ನಡುವೆ ನಿವೃತ್ತ ಶಿರಸ್ತೇದಾರರೊಬ್ಬರು. ಅವರಿಗೆ ಉರ್ದು, ಮರಾಠಿ, ಇಂಗ್ಲಿಷ್ ಮೂರೂ ಬರುತ್ತಿದ್ದವು.

ಊಟ ಆಯಿತು. ಮಾವ ಎಲೆ ಅಡಿಕೆ ತಟ್ಟೆ ಮುಂದಿಟ್ಟು, "ಅಳಿಯಂದ್ರೇ, ಆ ಸ್ಪೇನ್ ಭಾಷೆ ಒಂದೀಟು ಮಾತಾಡಿ. ಎಲ್ರೂ ಅದಕ್ಕೇ ಬಂದವ್ರೆ" ಅಂದರು.

"ಈಗ ಬೇಡ ಮಾವ" ಅಂದೆ.

"ಯಾಕೆ, ಬರಲ್ವಾ?" ಅಂದರು ಶಿರಸ್ತೇದಾರರು.

ಮಾವನ ಮುಖ ಬಿಗಿಯಿತು. ಬಾಗಿಲ ಹಿಂದೆ ಬಳೆಯ ಸದ್ದಾಗಿ ನಿಂತಿತು. ಬರುತ್ತಿದ್ದುದು ಒಂದೇ ಮಾತು. ಸರಿ, ಅದನ್ನೇ ಶುರು ಮಾಡಿದೆ. ಮೊದಲು ಮೆಲ್ಲಗೆ, ಕರುವಿಗೆ ಹೇಳಿದ ಹಾಗೆ. ಆಮೇಲೆ ಜೋರಾಗಿ, ಬತ್ತಿಗೆ ಬೆಂಕಿ ಕೊಟ್ಟ ಹಾಗೆ. ಆಮೇಲೆ ನಗುತ್ತ, ನೋ ಸೇರಿಸಿ. ಆಮೇಲೆ ಹಜಾಮನಿಗೆ ಹೇಳಿದ ಹಾಗೆ ಮೂರು ಸಲ. ಕೈ ಬೀಸಿದೆ. ಹುಬ್ಬು ಏರಿಸಿದೆ. ಒಂದು ಸಲ ಎದ್ದೂ ನಿಂತೆ.

ಎಲ್ಲರೂ ಶಿರಸ್ತೇದಾರರ ಕಡೆ ತಿರುಗಿದರು.

ಶಿರಸ್ತೇದಾರರು ಕನ್ನಡಕ ತೆಗೆದರು. "ಎಲ್ಲಾ ಸರಿ. ಆದ್ರೆ ಒಂದೇ ಪದ ಮತ್ತೆ ಮತ್ತೆ ಬಂದಂಗಾಯ್ತಲ್ಲ?"

ಕಂಬದ ಹತ್ತಿರ ಕೂತಿದ್ದ ಮಾವನ ತಾಯಿ, ಎಂಬತ್ತರ ಮುದುಕಿ, ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು.

"ಏ, ನೀನು ಸಂಧ್ಯಾವಂದನೆಗೆ ಕೂತಾಗ ಎಷ್ಟು ಮಂತ್ರ ಏಳ್ತೀಯಪ್ಪಾ? ಒಂದನ್ನೇ ತಾನೇ ನೂರೆಂಟು ಸಲ ಏಳೋದು? ಸುಮ್ಕಿರು."

ಶಿರಸ್ತೇದಾರರು ಕನ್ನಡಕ ಮತ್ತೆ ಹಾಕಿಕೊಂಡರು. ಮಾವ ನನಗೆ ಇನ್ನೊಂದು ಹೋಳಿಗೆ ಹಾಕಿಸಿದರು. "ಕೆಲಸ ಖಾಯಂ ಆದ ದಿನ ಕಾಗದ ಬರೀರಿ" ಅಂದರು.

ಹೊರಡುವಾಗ ಹಿತ್ತಲಲ್ಲಿ ಹೆಂಡತಿ ಸಿಕ್ಕಿದಳು. ಮದುವೆಯಾದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು:

"ಅದೊಂದೇ ಬರೋದು, ಅಲ್ವಾ?"

೪. ಮರ

ಅಜ್ಜಂಪುರದಲ್ಲಿ ಚಿನ್ನ ಸಿಗಲಿಲ್ಲ. ಕಂಪನಿ ನಮ್ಮನ್ನೆಲ್ಲ ತರೀಕೆರೆಯ ಆಚೆ ಗುಡ್ಡಕ್ಕೆ ಕಳಿಸಿತು. ಅದಿರಿನ ಗಾಡಿಗೆ ದಾರಿ ಬೇಕಿತ್ತು. ಬಂಡೆ ಸಿಡಿಸಿ ದಾರಿ ಮಾಡುವ ಕೆಲಸ. ಅಜ್ಜಂಪುರದಲ್ಲಿ ಭಯ ಗುಂಡಿಯೊಳಗೆ ಮಾತ್ರ ಇತ್ತು. ಇಲ್ಲಿ ಸುತ್ತಲೂ ಇತ್ತು. ಹೆಬ್ಬೆ ಕಾಡಿನ ಕಡೆಯಿಂದ ಹುಲಿ ಇಳಿದು ದನ ಹೊತ್ತೊಯ್ದಿದೆ ಅಂತ ದಿನಾ ಸುದ್ದಿ.

ಆ ಹೊತ್ತಿಗೆ ಎಲ್ಲರಿಗೂ ಮಾತು ಗೊತ್ತಾಗಿತ್ತು. ಕ್ವಿದಾದೋ ಅಂದರೆ ಜ್ವಾಕೆ. ಸಮಸ್ಯೆ ಇದ್ದುದು ಬೇರೆ ಕಡೆ. ಜ್ವಾಕೆ ಸರಿ, ಯಾವುದರಿಂದ ಜ್ವಾಕೆ?

ಮೂರನೆಯ ದಿನ ಬೆಳಿಗ್ಗೆ ಬುತ್ತಿ ಬಿಚ್ಚುತ್ತಿದ್ದೆವು. ದೊರೆ ದೂರದಿಂದ ಓಡಿ ಬಂದ. ಟೋಪಿ ಬಿದ್ದುಹೋಗಿತ್ತು. ಕಾಡಿನ ಕಡೆ ಕೈ ತೋರಿಸಿ, "ಕ್ವಿದಾದೋ ಕೋನ್" ಅಂತ ಶುರು ಮಾಡಿದ. ಮುಂದಿನದನ್ನು ಕೇಳುವುದಕ್ಕೆ ಯಾರು ನಿಂತಿದ್ದರು? "ಹುಲಿ!" ಅಂತ ಯಾರೋ ಅಂದರು. ಹುಲಿ ಅಂದರೆ ನಮ್ಮ ಕಡೆ ಒಂದೇ ಉಪಾಯ, ಮರ ಹತ್ತುವುದು. ಹತ್ತಿರದಲ್ಲಿ ಒಂದೇ ದೊಡ್ಡ ಮರ ಇತ್ತು. ಹದಿನಾಲ್ಕು ಜನ ಹತ್ತಿದರು. ನಾನೂ ಹತ್ತಿದೆ. ನನ್ನ ತಲೆಯ ಮೇಲೆ ಯಜಮಾನನ ಪಾದ, ನನ್ನ ಪಾದದ ಕೆಳಗೆ ಇನ್ಯಾರದೋ ತಲೆ.

ದೊರೆ ಕೆಳಗೆ ನಿಂತು ಗಡ್ಡ ಕಿತ್ತುಕೊಳ್ಳುತ್ತ ಅದೇ ಮಾತನ್ನು ಕೂಗುತ್ತಲೇ ಇದ್ದ. ಅವನು ಕೂಗಿದಷ್ಟೂ ನಾವು ಮೇಲಕ್ಕೆ ಹೋದೆವು.

"ದೊರೇನೂ ಹತ್ತಿ ಅನ್ನಿ ಸ್ವಾಮಿ, ಪಾಪ" ಅಂದ ಯಜಮಾನ.

ಆಗ ಮೇಲಿನ ಕೊಂಬೆಯಲ್ಲಿ ಏನೋ ಗುಯ್‌ಗುಟ್ಟಿತು. ತಲೆ ಎತ್ತಿ ನೋಡಿದೆ. ಮೊರದಷ್ಟು ಅಗಲದ ಹೆಜ್ಜೇನಿನ ಹುಟ್ಟು. ದೊರೆ ತೋರಿಸುತ್ತಿದ್ದುದು ಕಾಡನ್ನಲ್ಲ, ಆ ಮರವನ್ನು.

ಇಳಿದದ್ದು ಗೊತ್ತಿಲ್ಲ. ಬಿದ್ದದ್ದು ಗೊತ್ತು. ಕೆರೆಯವರೆಗೆ ಓಡಿದ್ದು ಗೊತ್ತು. ಕತ್ತಿನವರೆಗೆ ನೀರಿನಲ್ಲಿ ನಿಂತು ಒಬ್ಬೊಬ್ಬರ ಹೆಸರು ಕೂಗಿ ಎಣಿಸಿದೆವು. ಎಲ್ಲರೂ ಇದ್ದರು. ಯಾರೂ ಯಾರ ಹಾಗೂ ಇರಲಿಲ್ಲ.

ಮಧ್ಯಾಹ್ನ ತರೀಕೆರೆಯ ಅಮಲ್ದಾರರು ಕುದುರೆಯ ಮೇಲೆ ತನಿಖೆಗೆ ಬಂದರು. ಸಾಲಾಗಿ ನಿಂತ ಮುಖಗಳನ್ನು ನೋಡಿದರು. ಹುಬ್ಬು ಎಲ್ಲಿ, ಕಣ್ಣು ಎಲ್ಲಿ ತಿಳಿಯದು. ಹಾಜರಿಯನ್ನು ದನಿ ಕೇಳಿ ಹಾಕಿಕೊಂಡರು.

"ದುಭಾಷಿ ಯಾರ್ರೀ?" ಅಂದರು.

"ನಾಮು" ಅಂದೆ. ತುಟಿ ಬಾತಿತ್ತು.

"ಇಂಥ ದುಭಾಷಿ ಇಟ್ಕೊಂಡು ನೀವು ಇನ್ನೂ ಬದುಕಿರೋದೇ ದೊಡ್ಡದು. ಮ್ಯಾನೇಜರಿಗೆ ಬರೀತೀನಿ."

ಬರೆದರು ಕೂಡ. ಅದನ್ನು ಆಮೇಲೆ ಹೇಳುತ್ತೇನೆ. ಆ ರಾತ್ರಿ ನಾನು ಪುಸ್ತಕ ತೆಗೆದು ಊದಿದ ಕೈಯಿಂದ ಬರೆದುಕೊಂಡೆ: ಮಾತಿನ ಮುಂದೆ 'ಕೋನ್' ಬರುತ್ತದೆ. ಭಯಪಡಬೇಕಾದದ್ದು ಅದರ ಮುಂದೆ ಬರುತ್ತದೆ. ಪೂರ್ತಿ ಕೇಳಿ ಓಡಬೇಕು.

ಯಜಮಾನನಿಗೂ ಓದಿ ಹೇಳಿದೆ. ಅವನು ಮುಖಕ್ಕೆ ಸುಣ್ಣ ಹಚ್ಚಿಕೊಂಡು ಕೂತಿದ್ದ.

"ಹುಲಿ ಆಗಿದ್ರೇ ವಾಸಿಯಾಗಿತ್ತು ಸ್ವಾಮಿ. ಅದು ಒಬ್ಬನ್ನ ತಿಂದು ಸುಮ್ಕಾಗೋದು."

೫. ಸೀನು

ಬಂಡೆಯಲ್ಲಿ ಆರು ಕುಳಿ ಕೊರೆದು, ಮದ್ದು ತುಂಬಿ, ಬತ್ತಿ ಇಟ್ಟಾಗಿತ್ತು. ದೊರೆ ಒಂದೊಂದಕ್ಕೆ ಬೆಂಕಿ ಮುಟ್ಟಿಸಿಕೊಂಡು ಬಂದ. ಕೊನೆಯದು ಹೊತ್ತಿಕೊಂಡಿತು. "ಕ್ವಿದಾದೋ!" ಅಂದ. ನಾವೆಲ್ಲ ಓಡಲು ಕಾಲೆತ್ತಿದೆವು.

ಒಬ್ಬ ಸೀನಿದ. ಒಂದೇ ಸೀನು.

ಹದಿನಾಲ್ಕು ಜನರೂ ನಿಂತರು. ನಿಂತವರು ಕೂತರು.

ಒಂಟಿ ಸೀನು ಅಪಶಕುನ. ಹೊರಡುವ ಹೊತ್ತಿಗೆ ಒಂಟಿ ಸೀನು ಬಂದರೆ ಕೂತು, ಸುಧಾರಿಸಿಕೊಂಡು, ನೀರು ಕುಡಿದು ಹೊರಡಬೇಕು. ಎರಡು ಬಂದರೆ ದೋಷವಿಲ್ಲ. ಇದು ಎಲ್ಲರಿಗೂ ಗೊತ್ತು. ದೊರೆಗೆ ಗೊತ್ತಿರಲಿಲ್ಲ. ಅವನು ಇಪ್ಪತ್ತು ಮಾರು ಓಡಿ, ಹಿಂತಿರುಗಿ ನೋಡಿದ. ಆರು ಬತ್ತಿ ಉರಿಯುತ್ತಿವೆ. ಹದಿನಾಲ್ಕು ಜನ ಬಂಡೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಒಬ್ಬ ತಂಬಿಗೆ ಕೊಡುತ್ತಿದ್ದಾನೆ.

ದೊರೆಯ ಮುಖ ಗಡ್ಡದಷ್ಟೇ ಕೆಂಪಾಯಿತು. ವಾಪಸು ಓಡಿ ಬಂದ. "ಕ್ವಿದಾದೋ! ಕ್ವಿದಾದೋ!" ಒಬ್ಬನ ರಟ್ಟೆ ಹಿಡಿದು ಎಬ್ಬಿಸಿದ. ಅವನನ್ನು ಬಿಟ್ಟು ಇನ್ನೊಬ್ಬನನ್ನು ಎಬ್ಬಿಸುವಷ್ಟರಲ್ಲಿ ಮೊದಲಿನವನು ಕೂತ.

"ಏಳ್ರೋ, ಜ್ವಾಕೆ ಅಂತಾವ್ರೆ!" ಅಂತ ನಾನು ಕಿರುಚಿದೆ.

"ಜ್ವಾಕೆ ಅಂತಾನೇ ಕೂತಿರೋದು ಸ್ವಾಮಿ!" ಅಂದ ಯಜಮಾನ. "ನೀವೂ ಕೂತ್ಕಳಿ. ಇಂಥಾ ಸೀನಿನ ಮೇಲೆ ಹೊರಟು ನಮ್ಮಪ್ಪ ವಾಪಸು ಬರಲಿಲ್ಲ."

ನಿಜ ಹೇಳುತ್ತೇನೆ, ನನಗೂ ಕೂರಬೇಕು ಅನ್ನಿಸಿತ್ತು. ಮೊಣಕಾಲು ಅರ್ಧ ಬಗ್ಗಿತ್ತು. ಬತ್ತಿ ಒಂದು ಗೇಣು ಉಳಿದಿತ್ತು. ನನಗೆ ಹೆಂಡತಿಯ ಮುಖ ನೆನಪಾಯಿತು. ಹಿತ್ತಲಲ್ಲಿ ಒಂದೇ ಸಲ ನೋಡಿದ್ದು.

ನನಗೆ ನಸ್ಯದ ಚಟ ಇತ್ತು. ಸೊಂಟದಿಂದ ಡಬ್ಬಿ ಎಳೆದು, ಸೀನಿದವನ ತಲೆ ಹಿಡಿದು, ಒಂದು ಚಿಟಿಕೆಯಲ್ಲ, ಇಡೀ ಡಬ್ಬಿಯನ್ನು ಅವನ ಮೂಗಿಗೆ ತುರುಕಿದೆ.

ಅವನು ಸೀನಿದ.

"ಎರಡಾಯ್ತು!" ಅಂತ ಯಜಮಾನ ಎದ್ದ. ಎಲ್ಲರೂ ಎದ್ದರು. ಓಡಿದರು. ಸೀನಿದವನು ಮೂರು, ನಾಲ್ಕು, ಐದು ಅಂತ ಸೀನುತ್ತಲೇ ಓಡಿದ. ನಾವು ಹಳ್ಳಕ್ಕೆ ಬಿದ್ದೆವು, ಹಿಂದೆ ಬಂಡೆ ಹಾರಿತು. ನಮ್ಮ ಮೇಲೆ ಬಿದ್ದದ್ದು ಬರೀ ಮಣ್ಣು.

ದೊರೆ ಎದ್ದು ಮೈಮೇಲಿನ ಮಣ್ಣು ಕೊಡವಿಕೊಂಡ. ಆಮೇಲೆ ಕೈ ಚಾಚಿ ನನ್ನ ಖಾಲಿ ಡಬ್ಬಿ ಈಸಿಕೊಂಡ. ಮೂಸಿದ. ಸೀನಿದ.

ಮರುದಿನದಿಂದ ಅವನ ಸಾಮಾನಿನ ಚೀಲದಲ್ಲಿ ಬತ್ತಿ, ಬೆಂಕಿಕಡ್ಡಿಯ ಜೊತೆ ತರೀಕೆರೆಯ ನಸ್ಯದ ಡಬ್ಬಿಯೂ ಒಂದು ಇರುತ್ತಿತ್ತು.

೬. ಆಯುಧಪೂಜೆ

ಅಮಲ್ದಾರರು ಬರೆದ ಕಾಗದ ತಲುಪಿತು. ಆಯುಧಪೂಜೆಯ ದಿನ ಮ್ಯಾನೇಜರ್ ಸಾಹೇಬರು ತಾವೇ ಬಂದಿಳಿದರು. ಅವರಿಗೂ ಸ್ಪೇನ್ ಭಾಷೆ ಬರುತ್ತಿರಲಿಲ್ಲ. ಆದರೆ ನನಗೆ ಬರುವುದಿಲ್ಲ ಅಂತ ಕಂಡುಹಿಡಿಯುವಷ್ಟು ಬುದ್ಧಿ ಇತ್ತು.

"ಇವತ್ತು ನಿನ್ನ ಪಕ್ಕದಲ್ಲೇ ಇರುತ್ತೇನೆ" ಅಂದರು. "ನೀನು ಅವನ ಜೊತೆ ಮಾತಾಡುವುದನ್ನು ನೋಡಬೇಕು. ಆ ಭಾಷೆ ನಿನಗೆ ಬರುವುದಿಲ್ಲ ಅಂತ ಕಂಡರೆ ಸಂಜೆ ರೈಲಿಗೆ ನೀನು ಮನೆಗೆ."

ಮಾವನಿಗೆ ಬರೆಯಬೇಕಾದ ಕಾಗದ ಕಣ್ಣ ಮುಂದೆ ಬಂತು. ಮೂವರೂ ಗುಡ್ಡದ ಕಡೆ ನಡೆದೆವು. ದೊರೆ ಏನೋ ಉದ್ದುದ್ದ ಹೇಳುತ್ತಿದ್ದ. ನಾನು ತಲೆ ಆಡಿಸುತ್ತಿದ್ದೆ. ಮ್ಯಾನೇಜರ್ ನನ್ನ ತಲೆಯನ್ನೇ ನೋಡುತ್ತಿದ್ದರು.

ತಿರುವು ದಾಟಿದೆವು. ದೊರೆ ನಿಂತುಬಿಟ್ಟ.

ಬಂಡೆಯ ಮುಂದೆ ಪೂಜೆ ನಡೆಯುತ್ತಿತ್ತು. ಸುತ್ತಿಗೆ, ಹಾರೆ, ಗುದ್ದಲಿ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ದರು. ಬೂದುಗುಂಬಳ ಒಡೆದಿದ್ದರು. ನಟ್ಟನಡುವೆ ಮದ್ದಿನ ಪೆಟ್ಟಿಗೆ. ಎಲ್ಲ ಆಯುಧಗಳಿಗೂ ದೊಡ್ಡ ಆಯುಧ ಅದು, ಆದ್ದರಿಂದ ಎಲ್ಲಕ್ಕಿಂತ ದೊಡ್ಡ ಹಾರ ಅದಕ್ಕೆ. ಪೆಟ್ಟಿಗೆಯ ಮುಚ್ಚಳದ ಮೇಲೆ, ನಿಂಬೆಹಣ್ಣಿನಷ್ಟು ದಪ್ಪದ ಕರ್ಪೂರ ಧಗಧಗ ಉರಿಯುತ್ತಿತ್ತು. ಯಜಮಾನ ಕಣ್ಣು ಮುಚ್ಚಿ ಗಂಟೆ ಬಾರಿಸುತ್ತಿದ್ದ.

ದೊರೆಯ ಬಾಯಿ ತೆರೆಯಿತು. ಮಾತು ಬರಲಿಲ್ಲ. ಸ್ವಂತ ಭಾಷೆಯೇ ಅವನಿಗೆ ಮರೆತುಹೋಗಿತ್ತು. ಮೂರು ಬೆರಳಿನ ಕೈ ಗಾಳಿಯಲ್ಲಿ ಆಡುತ್ತಿತ್ತು, ಅಷ್ಟೆ.

ಅವನ ಬದಲು ನಾನು ಕೂಗಿದೆ. "ಕ್ವಿದಾದೋ!"

ದೊರೆ ಓಡಿದ. ಅವನು ಓಡಿದ್ದನ್ನು ನೋಡಿ ಮ್ಯಾನೇಜರ್ ಓಡಿದರು. ಇಬ್ಬರೂ ದೊರೆಯ ಡೇರೆ ಸೇರಿದರು. ನಾನು ಒಂದು ಬಂಡೆಯ ಹಿಂದೆ ಬಿದ್ದು ಕಿವಿ ಮುಚ್ಚಿಕೊಂಡು ಮನೆದೇವರನ್ನು ಕರೆದೆ.

ಸಿಡಿಯಲಿಲ್ಲ. ಗಂಟೆ ನಿಂತಿತು. ಯಾರೋ ಬಂದು ಭುಜ ತಟ್ಟಿದರು. ಯಜಮಾನ, ಕೈಯಲ್ಲಿ ತಟ್ಟೆ.

"ಮಂಗಳಾರತಿ ತಗಳಿ ಸ್ವಾಮಿ. ಮಕಾಡೆ ಮಲಗಿದ್ರೆ ಹೆಂಗೆ?"

"ಪೆಟ್ಟಿಗೆ! ಪೆಟ್ಟಿಗೆ ಮೇಲೆ ಬೆಂಕಿ!"

"ಪೆಟ್ಟಿಗೆ ಖಾಲಿ ಐತೆ. ಒಳಗೆ ಮದ್ದು ಇಟ್ಟು ಮೇಲೆ ಕರ್ಪೂರ ಹಚ್ಚಾಕೆ ನಮಗೇನು ತಲೆ ಕೆಟ್ಟೈತಾ? ಬೆಳಿಗ್ಗೇನೇ ಎಲ್ಲಾ ತೆಗೆದಿಟ್ವಿ."

ಎದ್ದು ಕೂತೆ. ಜೀವ ಬಂತು. ಮಂಗಳಾರತಿ ತೆಗೆದುಕೊಂಡೆ. ಕುಂಕುಮ ಹಚ್ಚಿಕೊಂಡೆ. ಆಮೇಲೆ ಕೇಳಿದೆ.

"ಎಲ್ಲಿ ಇಟ್ರಿ?"

"ಬಿಸಿಲು ಬೀಳ್ದಂಗೆ, ದನ ತುಳೀದಂಗೆ ಭದ್ರವಾಗೇ ಇಟ್ಟೀವಿ ಸ್ವಾಮಿ. ಗೋಣಿ ಸುತ್ತಿ, ದೊರೆ ಡೇರೇಲಿ, ಮಂಚದ ಕೆಳಗೆ."

ಅಷ್ಟು ಜೋರಾಗಿ ನಾನು ಅದಕ್ಕೆ ಮುಂಚೆ ಓಡಿಲ್ಲ, ಆಮೇಲೂ ಓಡಿಲ್ಲ.

ಡೇರೆಯ ಬಾಗಿಲಲ್ಲಿ ನಿಂತೆ. ದೊರೆ ಮಂಚದ ಕೆಳಗೆ ನುಗ್ಗಿ ಅಂಗಾತ ಮಲಗಿದ್ದ. ಗೋಣಿಯ ಗಂಟನ್ನು ತಲೆದಿಂಬು ಮಾಡಿಕೊಂಡಿದ್ದ. ಮ್ಯಾನೇಜರ್ ಮಂಚದ ಮೇಲೆ ಕೂತಿದ್ದರು. ಬಾಯಲ್ಲಿ ಚುಟ್ಟ, ಬೆರಳಲ್ಲಿ ಉರಿಯುವ ಬೆಂಕಿಕಡ್ಡಿ. ಧೈರ್ಯಕ್ಕೆ ಒಂದು ದಮ್ಮು ಎಳೆಯುವವರಿದ್ದರು.

ಇಂಗ್ಲಿಷಿನಲ್ಲಿ ಹೇಳಬೇಕು. ಓದಿದ ಇಂಗ್ಲಿಷಿನಲ್ಲಿ ಒಂದಕ್ಷರ ಬರಲಿಲ್ಲ. ಕನ್ನಡವೂ ಬರಲಿಲ್ಲ. ಪೆಟ್ಟಿಗೆಯ ಪಕ್ಕ ದಿನಾ ದೊರೆ ಆಡುವುದನ್ನು ಕೇಳಿ ಕೇಳಿ ಗಂಟಲಲ್ಲಿ ಕೂತಿದ್ದದ್ದು ತಾನಾಗಿ ಹೊರಬಿತ್ತು.

"ಕ್ವಿದಾದೋ ಕೋನ್ ಲಾ ದಿನಮೀತಾ!"

ಡೈನಮೈಟು, ಜ್ವಾಕೆ ಅಂತ. ನನ್ನ ಜೀವಮಾನದಲ್ಲಿ ನಾನಾಡಿದ ಒಂದೇ ಒಂದು ಪೂರ್ತಿ ಸ್ಪೇನ್ ವಾಕ್ಯ.

ದೊರೆ ಕೈಯನ್ನು ತಲೆಯ ಹಿಂದೆ ಹಾಕಿ ಗೋಣಿ ಮುಟ್ಟಿ ನೋಡಿದ. ಆಮೇಲೆ ಎದ್ದ. ಮಂಚದ ಕೆಳಗಿದ್ದೇನೆ ಅಂತ ನೆನಪಿಲ್ಲದೆ ಎದ್ದ. ಮಂಚ, ಮಂಚದ ಮೇಲೆ ಮ್ಯಾನೇಜರ್, ಎಲ್ಲ ಒಟ್ಟಿಗೆ ಎದ್ದಿತು. ಮ್ಯಾನೇಜರ್ ಒಂದು ಕಡೆ ಬಿದ್ದರು. ಚುಟ್ಟ ಒಂದು ಕಡೆ ಬಿತ್ತು. ಕಡ್ಡಿ ಗೋಣಿಯ ಮೇಲೆ ಬಿತ್ತು.

ದೊರೆ ಅದರ ಮೇಲೆ ಕೂತುಬಿಟ್ಟ.

ಚರ್ಮ ಸುಟ್ಟ ವಾಸನೆ ಬಂತು. ದೊರೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮನಸ್ಸಿನಲ್ಲೇ ಏನೋ ಎಣಿಸುತ್ತಿದ್ದ. ಆಮೇಲೆ ಮೆಲ್ಲಗೆ ಎದ್ದು, ಹಿಂದೆ ಕೈಯಿಟ್ಟು ನೋಡಿಕೊಂಡು, ನನ್ನ ಹತ್ತಿರ ಬಂದು ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಅದನ್ನು ಯಜಮಾನ, ಅವನ ಹೆಂಡತಿ, ಉಳಿದ ಹದಿಮೂರು ಜನ ಬಾಗಿಲಲ್ಲಿ ನಿಂತು ನೋಡಿದರು.

ಮ್ಯಾನೇಜರ್ ನೆಲದಿಂದ ಎದ್ದು ಷರಾಯಿ ಕೊಡವಿಕೊಂಡರು.

"ಭಾಷೆ ಬರುತ್ತದೆ" ಅಂದರು.

ಅವತ್ತು ಸಂಜೆಯೇ ಖಾಯಂ ಮಾಡಿ ಬರೆದುಕೊಟ್ಟರು. ಎಂಟನೆಯ ದಿನ ಮಾವ ಮಗಳನ್ನು ಗಾಡಿಯಲ್ಲಿ ಕರೆತಂದು ತರೀಕೆರೆಯಲ್ಲಿ ಬಿಟ್ಟುಹೋದರು. ದೊರೆ ತಿಂಗಳು ಪೂರ್ತಿ ನಿಂತುಕೊಂಡೇ ಊಟ ಮಾಡಿದ.